ಎತ್ತಿನ ಬೆನ್ನ ಮೇಲೆ ಬಂದ ಅಂಗಡಿ

ಮರುಭೂಮಿ ಎಂದರೆ ಮರಳು ಎಂದು ಭೂಗೋಳದಲ್ಲಿ ಓದಿದವರು ದಾಂಡೇಲಿಯಾಚೆಯ ಕಾಡಿಗೆ ಬಂದರೆ ನಗಬಹುದು. ಅಲ್ಲಿ ಮರಳಿಲ್ಲ, ಬರೀ ಮರ. ಆದರೆ ಒಂದು ಹಿಡಿ ಉಪ್ಪಿಗಾಗಿ ಬೆಳಗಿನಿಂದ ಬೈಗಿನವರೆಗೆ ನಡೆಯಬೇಕಾದ ಜಾಗಕ್ಕೆ ಬೇರೆ ಯಾವ ಹೆಸರಿಡುವುದು? ನಮ್ಮ ತಂದೆ ಅದನ್ನು ‘ಮರಭೂಮಿ’ ಎನ್ನುತ್ತಿದ್ದರು. ಶ್ಲೇಷೆಯ ರೋಗ ನನಗೆ ಅಂಟಿದ್ದು ಅವರಿಂದ. ಹೊಟ್ಟೆ ತುಂಬ ಉಣ್ಣುವ ರೋಗ ಅಂಟಿದ್ದು ಹಳಿಯಾಳದ ಇಮಾಮಬಿಯಿಂದ. ಮೊದಲನೆಯದಕ್ಕೆ ಮನೆಯವರೆಲ್ಲ ತಂದೆಯನ್ನು ಬೈಯುತ್ತಾರೆ. ಎರಡನೆಯದಕ್ಕೆ ಇಮಾಮಬಿಯನ್ನು ನೆನೆಯುವವಳು ನಾನೊಬ್ಬಳಾದರೂ ಇರಲಿ.

ಇಮಾಮಬಿ ಮುಂಡಗೋಡದ ಕಡೆಯವಳು, ಬಂಡಿ ಗಾಲಿಗೆ ಕಬ್ಬಿಣದ ಹಳಿ ತೊಡಿಸುವವನ ಮಗಳು. ಹಳಿಯಾಳದ ಪೇಟೆಯಲ್ಲಿ ಕಾಳಿನಂಗಡಿ ಇಟ್ಟಿದ್ದ ಅಮೀರಸಾಬನನ್ನು ಮದುವೆಯಾಗಿ ಬಂದಳು. ಅಮೀರಸಾಬ ಹೆಸರಿಗಷ್ಟೇ ಅಮೀರ. ಗಂಡಹೆಂಡಿರಿಬ್ಬರಿಗೂ ದಮ್ಮು ಇತ್ತು. ಅವನದು ಉಬ್ಬಸದ ದಮ್ಮು, ಇವಳದು ಎದೆಗಾರಿಕೆಯ ದಮ್ಮು. ಹಾಗಾಗಿ ಅವನು ತಕ್ಕಡಿಯ ಹಿಂದೆ ಕೂತ, ಇವಳು ಬಂಡಿಯ ಮುಂದೆ ಕೂತಳು.

ಬಂಡಿ ಹತ್ತಿದ್ದಕ್ಕೂ ಒಂದು ಕಾರಣವಿತ್ತು. ಮೂವತ್ತರ ದಶಕದಲ್ಲಿ ಒಂದು ಸಂಜೆ ಮರ ಕೊಯ್ಯುವ ಆಳೊಬ್ಬ ಕಾಡಿನಿಂದ ನಡೆದು ಬಂದು ಉಪ್ಪು, ಖಾರ, ಜೋಳ ಕೊಂಡ. ಮರಳಿ ಹೋಗಲು ಕಾಲು ಬಾರದೆ ಅಂಗಡಿಯ ಹಲಗೆಯ ಮೇಲೇ ಮಲಗಿಬಿಟ್ಟ. ಬೆಳಗ್ಗೆ ಇಮಾಮಬಿ ಅವನಿಗೆ ಚಹಾ ಕೊಟ್ಟು ಕೇಳಿದಳು.

“ಏನಪಾ, ನಿಮ್ಮ ಕಡೆ ಒಂದೂ ಅಂಗಡಿ ಇಲ್ಲೇನು?”

“ಐತ್ರಿ ಅವ್ವಾ,” ಎಂದನಂತೆ ಅವನು. “ಇದ ನಮ್ಮಂಗಡಿ.”

ಅವನು ಗಂಟು ಹೊತ್ತು ಹೋದ. ಇಮಾಮಬಿ ಬಹಳ ಹೊತ್ತು ರಸ್ತೆ ನೋಡುತ್ತ ನಿಂತಿದ್ದಳು. ಮುಂದಿನ ವಾರ ಅವಳ ಬಂಡಿ ಕಾಡಿಗೆ ಹೊರಟಿತು. ಜೋಳ, ನುಚ್ಚಕ್ಕಿ, ಹುರುಳಿ, ಉಪ್ಪು, ಮೆಣಸಿನಕಾಯಿ, ಬೆಲ್ಲ, ಒಣಮೀನು, ಒಂದು ಡಬ್ಬಿ ಎಣ್ಣೆ. ಅಂದಿನಿಂದ ಪ್ರತಿ ಶುಕ್ರವಾರ ಕ್ಯಾಂಪಿನ ಹೆಂಗಸರು ಹಳ್ಳದ ಕಡೆ ಕಿವಿಯಿಟ್ಟು ಕೂರುವುದು ರೂಢಿಯಾಯಿತು.

ಕ್ಯಾಂಪು ಅಂದರೆ ಹಳ್ಳದಾಚೆ ಸಾಗವಾನಿ ಕಡಿಯುವವರು, ಕೊಯ್ಯುವವರು, ಇದ್ದಿಲು ಸುಡುವವರು ಬಿದಿರು ತಟ್ಟಿಗಳಲ್ಲಿ ಕಟ್ಟಿಕೊಂಡ ಸಾಲು ಗುಡಿಸಲುಗಳು. ನಮ್ಮ ತಂದೆ ಶೇಖಪ್ಪ ಅಲ್ಲಿ ಗುತ್ತಿಗೆದಾರನ ಗುಮಾಸ್ತ, ದಿಮ್ಮಿಗಳ ಅಳತೆ ಹಿಡಿಯುವುದು ಅವರ ಕೆಲಸ. ಕಾಡಿನ ಕುಣಬಿಗಳಿಗೆ ಯಾವ ಬಳ್ಳಿಯ ಕೆಳಗೆ ಯಾವ ಗಡ್ಡೆ ಇದೆ ಎಂಬುದು ಗೊತ್ತಿತ್ತು. ನಮ್ಮವರೋ ಬಯಲುಸೀಮೆಯಿಂದ ಹೊಟ್ಟೆಪಾಡಿಗೆ ಬಂದವರು, ಜೋಳದ ರೊಟ್ಟಿ ಬಿಟ್ಟರೆ ಲೋಕವನ್ನೇ ಅರಿಯದವರು. ಅವರ ಕಣ್ಣಿಗೆ ಅಷ್ಟು ದೊಡ್ಡ ಕಾಡು ಬೀಗ ಹಾಕಿದ ಕಣಜದ ಹಾಗಿತ್ತು.

ನಾನು ಹುಟ್ಟಿದ್ದು ಆ ಕ್ಯಾಂಪಿನಲ್ಲಿ, ನಲವತ್ಮೂರರ ಮಳೆಗಾಲದಲ್ಲಿ. ಯುದ್ಧದ ಕಾಲ. ಅಕ್ಕಿಗೆ ಕಂಟ್ರೋಲು, ಸಕ್ಕರೆಗೆ ಕಂಟ್ರೋಲು, ಸೀಮೆಎಣ್ಣೆಗೆ ಕಂಟ್ರೋಲು. ಹಸಿವೆಯೊಂದಕ್ಕೆ ಮಾತ್ರ ಯಾರೂ ಕಂಟ್ರೋಲು ತಂದಿರಲಿಲ್ಲ. ಉಳಿದ ವರ್ಷಗಳಲ್ಲಿ ಮಳೆಗೆ ಮುಂಚೆ ಕ್ಯಾಂಪು ಎತ್ತಿ ಎಲ್ಲರೂ ಊರಿಗೆ ಹೋಗುತ್ತಿದ್ದರು. ಆ ವರ್ಷ ಪಲ್ಟಣಿಗೆ ಮರ ಬೇಕಂತೆ ಎಂದು ಎಲ್ಲರನ್ನೂ ಅಲ್ಲೇ ನಿಲ್ಲಿಸಿದರು. ಮಳೆಗಾಲಕ್ಕೆಲ್ಲ ಸಾಕಾಗುವಷ್ಟು ಕಾಳು ಕೊಡುತ್ತೇನೆಂದು ಗುತ್ತಿಗೆದಾರ ಮಾತು ಕೊಟ್ಟ. ಕೊಟ್ಟದ್ದು ಮಾತೊಂದೇ.

ಮಳೆ ಹಿಡಿದ ಮೊದಲ ವಾರವೇ ಇಮಾಮಬಿಯ ಬಂಡಿ ಹಳ್ಳ ಮುಟ್ಟುವ ಮೊದಲೇ ಅಚ್ಚಿನವರೆಗೆ ಕೆಸರಿನಲ್ಲಿ ಹೂತು, ಚೀಲ ಇಳಿಸಿ, ಗಾಲಿ ಎತ್ತಿಸಿಕೊಂಡು ಹಿಂದಿರುಗಿತು. ಮರುವಾರವೂ ಅದೇ ಗತಿ. ಕ್ಯಾಂಪಿನಲ್ಲಿ ಜೋಳ ಮುಗಿಯಿತು, ಆಮೇಲೆ ಉಪ್ಪು ಮುಗಿಯಿತು. ಉಪ್ಪಿಲ್ಲದೆ ಬೇಯಿಸಿದ ಕಳಲೆ ತಿನ್ನುತ್ತ, ಇನ್ನು ನಾವೇ ಬಿದಿರಾಗಿ ಚಿಗುರುವುದೊಂದು ಬಾಕಿ ಎಂದು ಜನ ಮೊದಮೊದಲು ನಕ್ಕರು. ಆಮೇಲೆ ನಗಲಿಲ್ಲ.

ಒಂದು ಮುಂಜಾನೆ ನಮ್ಮ ತಂದೆ ಹೇಗೋ ಹಳ್ಳ ಈಜಿ, ರಾತ್ರಿಯಿಡೀ ನಡೆದು, ತೊಯ್ದು ತೊಪ್ಪೆಯಾಗಿ ಅಮೀರಸಾಬನ ಅಂಗಡಿಯ ಮುಂದೆ ನಿಂತರು.

“ಮಂದಿ ಗಂಟು ಕಟ್ಟಾಕತ್ತೈತಿ, ಇಮಾಮಬಿ,” ಎಂದರು. “ಶನಿವಾರ ಮುಂಜಾನೆ ಹುಡುಗ್ರು ಮಕ್ಕಳನ್ನ ಹೊತ್ತು ಹಳ್ಳ ದಾಟಿ ಊರಿಗೆ ನಡಿತೇವಿ ಅಂತಾರ. ಆ ನೀರಾಗ ಎಷ್ಟು ಮಂದಿ ಈಚಿ ದಂಡಿ ಕಾಣ್ತಾರ ದೇವರಿಗೇ ಗೊತ್ತು. ನಮ್ಮಾಕಿ ಮನ್ನೆ ಹಡದಾಳ. ಎದ್ದು ಕೂಡಾಕ ತ್ರಾಣಿಲ್ಲ, ಕೂಸಿಗೆ ಹಾಲಿಲ್ಲ. ಆಕಿನ್ನ ಬಿಟ್ಟು ನಾ ಎಲ್ಲಿಗೆ ಹೋಗಲಿ?”

ಆ ಹಾಲಿಲ್ಲದ ಕೂಸು ನಾನು.

“ಶುಕ್ರವಾರದ ತನಕ ಎಲ್ಲಾರನ್ನೂ ಹಿಡದ ಇಡ್ರಿ ಶೇಖಪ್ಪನವರ. ನಾ ಬರ್ತೇನಿ,” ಎಂದಳು ಇಮಾಮಬಿ.

“ಬಂಡಿ ಹೋಗಂಗಿಲ್ಲಲ್ಲೇ!” ಎಂದ ಒಳಗಿನಿಂದ ಅಮೀರಸಾಬ, ಕೆಮ್ಮಿನ ನಡುವೆ.

“ಬಂಡಿ ಹೋಗಂಗಿಲ್ಲ. ಅಂಗಡಿ ಹೋಗತೈತಿ.”

ತಂದೆ ಹಿಡಿಯಷ್ಟು ಉಪ್ಪು ಕಟ್ಟಿಸಿಕೊಂಡು ಬಂದ ದಾರಿಯಲ್ಲೇ ಮರಳಿದರು. ಇಮಾಮಬಿ ತಲೆಯ ಮೇಲೆ ಕಂಬಳಿಯ ಗೊಂಗಡಿ ಹಾಕಿಕೊಂಡು ಊರಾಚೆಯ ಲಂಬಾಣಿ ತಾಂಡಾಕ್ಕೆ ನಡೆದಳು. ಅಲ್ಲಿ ಗೋಮಿಬಾಯಿ ಮತ್ತು ಅವಳ ಗಂಡ ಸೋಮಲಪ್ಪ ಇದ್ದರು. ಅವರ ಹಿರಿಯರು ಎತ್ತಿನ ಬೆನ್ನ ಮೇಲೆ ಗೋಣಿ ಹೇರಿಕೊಂಡು ಕರಾವಳಿಯ ಉಪ್ಪನ್ನು ಬಯಲಿಗೂ ಬಯಲಿನ ಕಾಳನ್ನು ಕರಾವಳಿಗೂ ಮುಟ್ಟಿಸಿದವರು. ಬಂಡಿ ರಸ್ತೆ ಬಂತು, ಅಳ್ನಾವರದಿಂದ ರೈಲು ಬಂತು, ಹೇರಿನ ಕಾಲ ಹೋಯಿತು. ಆದರೂ ಸೋಮಲಪ್ಪ ತನ್ನ ಎತ್ತುಗಳಿಗೆ ಹೇರು ಹೊರುವುದನ್ನು ಮರೆಯಗೊಟ್ಟಿರಲಿಲ್ಲ. ಕಾಡಿನಿಂದ ಕಟ್ಟಿಗೆ, ಜೇನುತುಪ್ಪ ಹೊರಿಸಿ ತರುತ್ತಿದ್ದ. ಅವನು ಎತ್ತುಗಳೊಡನೆ ಮಾತಾಡಿದಷ್ಟು ಮನುಷ್ಯರೊಡನೆ ಆಡುತ್ತಿರಲಿಲ್ಲ. ಅವನ ಪಾಲಿನ ಮಾತನ್ನೂ ಗೋಮಿಬಾಯಿಯೇ ಆಡಿ ಮುಗಿಸುತ್ತಿದ್ದಳು.

“ಬಾ ತಾಯಿ, ಬಾ,” ಎಂದಳು ಗೋಮಿಬಾಯಿ, ಸಂಗತಿ ಕೇಳಿ. “ನಿಮ್ಮ ಬಂಡಿ ಬಂದ ನಮ್ಮ ಗೋಣಿ ಮೂಲಿಗೆ ಬಿದ್ದುವು. ಈಗ ಬಂಡೀನ ಕೆಸರಾಗ ಬಿತ್ತು ಅಂದಕೂಡ್ಲೆ ನಮ್ಮ ಎತ್ತು ನೆನಪಾದುವೇನು?”

“ಎತ್ತು ನೆನಪಾಗಿಲ್ಲವ್ವಾ. ನೀ ನೆನಪಾದಿ.”

“ಅಂದ್ರ ಹೇರು ನನ್ನ ಬೆನ್ನಿಗೇನು?”

“ಹೊಡಿ ಅತ್ತಾಗ! ಬರ್ತಿಯೋ ಇಲ್ಲೋ?”

“ಬಾಣಂತಿ ಅದಾಳಂತಿ. ಬರದ ಇದ್ರ ನಡದೀತೇನು?” ಎಂದಳು ಗೋಮಿಬಾಯಿ. “ಆದ್ರ ಒಂದು ಮಾತು. ಮುಂದ ನಡಿಯೂ ಎತ್ತಿನ ಮ್ಯಾಲ ಒಂದು ಕಾಳೂ ಹೇರಂಗಿಲ್ಲ.”

ಅದು ಅವರ ಪದ್ಧತಿ. ಗುಂಪಿನ ಮುಂದೆ ನಡೆಯುವ ಎತ್ತಿಗೆ ಕವಡೆ ಹೊಲಿದ ಕೆಂಪು ಜೂಲು ಹೊದಿಸಿ ಕೊರಳಿಗೆ ದೊಡ್ಡ ಗಂಟೆ ಕಟ್ಟುತ್ತಾರೆ. ಹೊರೆಯನ್ನು ಮಾತ್ರ ಹೊರಿಸುವುದಿಲ್ಲ, ಹುಟ್ಟಿದಾಗಿನಿಂದ ಹೊರಿಸಿರುವುದಿಲ್ಲ. ದಾರಿ ನೋಡುವುದೇ ಅದರ ದುಡಿಮೆ. ಉಳಿದ ಎತ್ತುಗಳು ತಲೆ ತಗ್ಗಿಸಿ ಆ ಗಂಟೆಯ ಹಿಂದೆ ನಡೆಯುತ್ತವೆ. ನಮ್ಮ ಕಚೇರಿಗಳಲ್ಲೂ ಹೊರೆಯಿಲ್ಲದೆ ಮುಂದೆ ನಡೆಯುವವರಿದ್ದಾರೆ. ಅವರು ದಾರಿಯನ್ನೂ ನೋಡುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಇಮಾಮಬಿ ಒಪ್ಪಿದಳು. ಆದರೆ ಶುಕ್ರವಾರ ನಸುಕಿನಲ್ಲಿ ಹೇರು ಕಟ್ಟುವಾಗ ಅವಳ ವ್ಯಾಪಾರಿ ಕಣ್ಣು ಆ ಖಾಲಿ ಬೆನ್ನನ್ನು ನೋಡಿ ನೋಡಿ ಒದ್ದಾಡಿತು. ಉಳಿದ ಎತ್ತುಗಳ ಮೇಲೆ ಇನ್ನೊಂದು ಬೆರಳು ಊರಲೂ ಜಾಗವಿರಲಿಲ್ಲ. ಅವಳ ಕೈಯಲ್ಲಿ ಒಂದು ಗಂಟು ಉಳಿದಿತ್ತು: ಬಾಣಂತಿಗೆ ಉಂಡಿ ಕಟ್ಟಲೆಂದು ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ, ಒಂದು ಮಣ್ಣಿನ ಗಿಂಡಿ ತುಪ್ಪ. ತಲೆಯ ಮೇಲೆ ಹೊತ್ತರೆ ಮಳೆಗೆ ತೊಯ್ಯುತ್ತದೆ. ಗೋಣಿಗಳ ನಡುವೆ ತುರುಕಿದರೆ ಗಿಂಡಿ ಒಡೆಯುತ್ತದೆ. ಮುಂದಿನ ಎತ್ತಿನ ಮೇಲೋ ದಪ್ಪ ಜೂಲು, ಅದರ ಕೆಳಗೆ ಬೆಚ್ಚಗಿನ ಬೆನ್ನು! ಗೋಮಿಬಾಯಿ ಅತ್ತ ತಿರುಗಿದ್ದಾಗ ಇಮಾಮಬಿ ಗಂಟನ್ನು ಜೂಲಿನ ಅಡಿಗೆ ಸೇರಿಸಿ ಹಗ್ಗ ಬಿಗಿದಳು. ಇಷ್ಟರಿಂದ ಏನಾದೀತು? ಇದೇನು ಹೇರೇ? ಬಾಣಂತಿಯ ಪಥ್ಯ!

ದಾಂಡೇಲಿಯ ಮರದ ಡಿಪೋ ದಾಟುವವರೆಗೆ ಎತ್ತು ನಡೆಯಿತು. ಆಮೇಲೆ ತಲೆ ಕೊಡವತೊಡಗಿತು, ಬಾಲ ಬೀಸತೊಡಗಿತು. “ನೊಣ ಇರಬೇಕ,” ಎಂದಳು ಇಮಾಮಬಿ, ಯಾರೂ ಕೇಳದಿದ್ದರೂ. ಹಗಲು ಇಳಿಮುಖವಾದಾಗ ಹಳ್ಳ ಬಂತು. ಕೆಂಪು ನೀರು ದಂಡೆ ತಿನ್ನುತ್ತ ಹರಿಯುತ್ತಿತ್ತು. ಎತ್ತು ನೀರಿನ ಅಂಚಿಗೆ ಹೋಯಿತು, ನಿಂತಿತು, ಮುಂಗಾಲು ಮಡಿಚಿ ಕೆಸರಿನಲ್ಲಿ ಮಲಗಿಬಿಟ್ಟಿತು. ಹಿಂದಿನ ಎತ್ತುಗಳೂ ಸಾಲಾಗಿ ನಿಂತವು.

ಗೋಮಿಬಾಯಿ ಮೈ ಸವರಿದಳು, ಹೆಸರು ಹಿಡಿದು ಕರೆದಳು, ಕಡೆಗೆ ಜೂಲು ಎತ್ತಿದಳು. ಗಂಟು ಸಿಕ್ಕಿತು. ಅದರ ಕೆಳಗೆ ತಿಕ್ಕಿ ತಿಕ್ಕಿ ಚರ್ಮ ಸುಲಿದು ಕೆಂಪಾಗಿತ್ತು.

“ಯಾಡಿ!” ಎಂದು ತಾಯಿಯನ್ನು ಕೂಗಿಕೊಂಡಳು ಗೋಮಿಬಾಯಿ. “ಯಾರದಿದು?”

“ನಂದು,” ಎಂದಳು ಇಮಾಮಬಿ. “ಬಾಣಂತಿಗಂತ…”

“ಬಾಣಂತಿಗಂತ! ಆಕಿಗೆ ಉಂಡಿ ಕಟ್ಟಾಕ ಹೋಗಿ ನನ್ನ ಎತ್ತಿಗೆ ಹುಣ್ಣ ಕಟ್ಟಿದೆಲ್ಲ! ಹೊರಿ ಕಂಡ ಬೆನ್ನು ಇನ್ನ ಮುಂದ ನಡಿಯಂಗಿಲ್ಲ. ತಾಂಡಾಕ್ಕ ಹೋಗಿ, ಹಿರ್ಯಾರ ಮುಂದ ಬ್ಯಾರೆ ಎತ್ತಿಗೆ ಪೂಜಿ ಮಾಡಿ ಗಂಟಿ ಕಟ್ಟಬೇಕು. ಮುಂದಿಂದಿಲ್ಲದ ಹಿಂದಿನವು ನೀರಿಗೆ ಇಳಿಯಂಗಿಲ್ಲ. ತಿರುವು ಎತ್ತು. ಹೋಗೂಣು.”

“ಗೋಮಿಬಾಯಿ, ನಾಳೆ ಶನಿವಾರ!”

“ನನಗ ಹೇಳಬ್ಯಾಡ. ಎತ್ತಿಗೆ ಹೇಳು.”

ಇಮಾಮಬಿ ಮಲಗಿದ ಎತ್ತಿನ ಮುಂದೆ ಕೆಸರಿನಲ್ಲಿ ಕೂತಳು. ಅದರ ಹಣೆ ಮುಟ್ಟಿ ತಪ್ಪಾಯಿತೆಂದಳು. ಎತ್ತು ಅವಳನ್ನು ನೋಡಲೇ ಇಲ್ಲ. ಹಳ್ಳದಾಚೆ, ಮರಗಳ ಸಂದಿನಲ್ಲಿ, ಕ್ಯಾಂಪಿನ ಒಂದೆರಡು ಒಲೆಗಳ ಹೊಗೆ ಕಾಣುತ್ತಿತ್ತು. ಕಳಲೆ ಬೇಯುತ್ತಿರಬೇಕು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

“ಮುಂದ ನಡಿಯೂದು ಎತ್ತ ಇರಬೇಕಂತ ಐತೇನು?”

ಗೋಮಿಬಾಯಿ ಬಾಯಿ ತೆರೆದಳು. ಆದರೆ ಮಾತು ಬಂದದ್ದು ಅವಳ ಹಿಂದಿನಿಂದ. ಬೆಳಗಿನಿಂದ ತುಟಿ ಬಿಚ್ಚದ ಸೋಮಲಪ್ಪ ಹೇಳಿದ: “ಹೊರಿ ಇಲ್ಲದ ಬೆನ್ನಿರಬೇಕು. ಗಂಟಿ ಇರಬೇಕು. ಅಷ್ಟ.”

ಗೋಮಿಬಾಯಿ ಗಂಡನನ್ನು ನೋಡಿದಳು, ಇಮಾಮಬಿಯನ್ನು ನೋಡಿದಳು. ಎತ್ತಿನ ಕೊರಳಿನ ಗಂಟೆ ಬಿಚ್ಚಿದಳು.

“ಹಂಗಾದ್ರ ಬಾ ಇಲ್ಲೆ. ಎಲ್ಲಾ ಇಳಿಸು ಮೊದಲ. ಆ ಗಂಟು ನನ್ನ ಕೈಯಾಗ ಕೊಡು. ಆ ಗೊಂಗಡಿ ಬಿಡು. ಸೊಂಟದ ಚೀಲಾ ಬಿಚ್ಚು.”

“ಅದರಾಗ ಎಲಿ ಅಡಕಿ ಅಷ್ಟ ಐತೆ!”

“ಎಲಿನೂ ಹೊರೀನ. ಬಿಚ್ಚು. ಕೀಲಿ ಗೊಂಚಲಾ ತಗಿ.”

ಎತ್ತಿನ ಬೆನ್ನ ಮೇಲೆ ಹೊರೆ ಇಟ್ಟವಳ ಮೈಮೇಲಿನಿಂದ ಹೀಗೆ ಒಂದೊಂದೇ ಹೊರೆ ಇಳಿಯಿತು. ಹುಟ್ಟಿದಾಗಿನಿಂದ ನೀರು, ಕಟ್ಟಿಗೆ, ಕೂಸು, ಚೀಲ, ಏನಾದರೂ ಒಂದನ್ನು ಹೊರದೆ ಒಂದು ಹೆಜ್ಜೆ ಹಾಕದವಳು ಖಾಲಿ ಕೈಯಲ್ಲಿ ನಿಂತು, ಆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಚಡಪಡಿಸಿದಳು. ಗೋಮಿಬಾಯಿ ಅವಳ ಕೊರಳಿಗೆ ಗಂಟೆ ಕಟ್ಟಿದಳು. ಕಟ್ಟುವಾಗ ಹಗ್ಗದ ಗಂಟು ಕುತ್ತಿಗೆಗೆ ತಿಕ್ಕದಂತೆ ತನ್ನ ಓಢಣಿಯ ಅಂಚನ್ನು ಹರಿದು ಕೆಳಗೆ ಮಡಿಚಿಟ್ಟಳು.

ಇಮಾಮಬಿಗೆ ಆ ಹಳ್ಳ ಚೆನ್ನಾಗಿ ಗೊತ್ತಿತ್ತು, ಬಂಡಿಯ ಮೇಲಿನಿಂದ. ಅದರ ತಳವನ್ನು ಅವಳ ಕಾಲು ಎಂದೂ ಮುಟ್ಟಿರಲಿಲ್ಲ. ಆಚೆ ದಂಡೆಯ ದೊಡ್ಡ ಮತ್ತಿ ಮರವನ್ನು ಎದುರಿಗೆ ಇಟ್ಟುಕೊಂಡೇ ಬಂಡಿ ಇಳಿಸಬೇಕು, ಅಲ್ಲಿ ಮಾತ್ರ ಹಾಸುಗಲ್ಲಿದೆ ಎಂಬುದಷ್ಟನ್ನು ನೆನೆದು, “ಬಿಸ್ಮಿಲ್ಲಾ” ಎಂದು ಇಳಿದಳು. ನೀರು ಮೊಣಕಾಲಿಗೆ ಬಂತು, ತೊಡೆಗೆ ಬಂತು, ಸೊಂಟಕ್ಕೆ ಬಂತು. ಕಲ್ಲು ಜಾರಿತು, ಅವಳು ಓಲಾಡಿದಳು, ಗಂಟೆ ದಡಬಡ ಬಡಿದುಕೊಂಡಿತು.

“ನಿಂದರಬ್ಯಾಡ!” ಹಿಂದಿನಿಂದ ಗೋಮಿಬಾಯಿ ಚೀರಿದಳು. “ನೀ ನಿಂತರ ಅವೂ ನಿಂದರತಾವು! ನಡಿ ಹೋರಿ, ನಡಿ!”

“ನನಗ ಅಂದಿಯೋ ಎತ್ತಿಗೋ?”

“ಈಗ ಎರಡೂ ಒಂದ! ನಡಿ!”

ಹಿಂದೆ ನೀರು ಸೀಳುವ ಸದ್ದಾಯಿತು. ಮೊದಲ ಎತ್ತು ಇಳಿದಿತ್ತು. ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಗೋಣಿಗಳ ಅಡಿ ತೊಯ್ದವು, ಮುಳುಗಲಿಲ್ಲ. ಕಡೆಯಲ್ಲಿ ಸೋಮಲಪ್ಪ, ಹುಣ್ಣಾದ ಎತ್ತನ್ನು ಎಬ್ಬಿಸಿ, ಅದರ ಕಿವಿಯಲ್ಲಿ ಏನೇನೋ ಹೇಳುತ್ತ ನಡೆಸಿಕೊಂಡು ಬಂದ. ಅವನ ಮುಂದೆ ಗೋಮಿಬಾಯಿ, ತಾನು ಅಷ್ಟೊಂದು ಬೈದಿದ್ದ ಗಂಟನ್ನು ಎರಡೂ ಕೈಯಿಂದ ತಲೆಯ ಮೇಲೆ ಎತ್ತಿ ಹಿಡಿದು, ಒಂದು ಹನಿ ತಾಗದಂತೆ.

ಕ್ಯಾಂಪಿನಲ್ಲಿ ಗುಡಿಸಲುಗಳ ಮುಂದೆ ಗಂಟುಗಳು ಕಟ್ಟಿ ಸಿದ್ಧವಾಗಿದ್ದವು. ನಮ್ಮ ತಾಯಿ ಗಿರಿಜಾಬಾಯಿ ಇದನ್ನು ಹೇಳುವಾಗಲೆಲ್ಲ ಎದ್ದು ನಿಂತೇ ಹೇಳುತ್ತಿದ್ದಳು: “ಗಂಟಿ ಸಪ್ಪಳಾ ಕೇಳಿ ತಟ್ಟಿ ಸಂದ್ಯಾಗ ನೋಡಿದ್ನಿ. ಎತ್ತು ಬರತೈತಿ ಅಂತಿದ್ನಿ. ಇಮಾಮಬಿ ಬಂದ್ಲು!”

ಮೂರು ಕಲ್ಲು ಹೂಡಿ ದೊಡ್ಡ ಹಂಡೆಯಲ್ಲಿ ನುಚ್ಚಿನ ಗಂಜಿ ಇಟ್ಟರು. ಜನ ಸುತ್ತ ಕೂತರು. ಬೆಂದ ನುಚ್ಚಿನ ವಾಸನೆಗೆ ಮಕ್ಕಳು ಒಂದೊಂದೇ ಹೆಜ್ಜೆ ಮುಂದೆ ಬಂದು ಒಲೆಯನ್ನು ಮುತ್ತಿದವು. ಇಮಾಮಬಿ ಸೌಟಿಗೆ ಕೈ ಹಾಕಿದಳು. ಗೋಮಿಬಾಯಿ ಸೌಟು ಕಸಿದುಕೊಂಡಳು.

“ಮುಂದ ನಡದದ್ದು ಮೊದಲ ತಿನ್ನಬೇಕು. ಅಲ್ಲೀತನಕ ಯಾರ ಬಾಯಿಗೂ ಇಲ್ಲ. ಇದೂ ನಮ್ಮ ಪದ್ಧತಿನ.”

“ಹುಚ್ಚೀ ಏನ ನೀನು? ಹುಡುಗ್ರು ಹಿಂಗ ನೋಡಾಕತ್ತಾವು, ನನ್ನ ಗಂಟಲಾಗ ಇಳಿದೀತೇನು?”

“ಇಳಸು. ನೀ ತಡಾ ಮಾಡಿದಷ್ಟು ಅವಕ್ಕೂ ತಡಾ. ಮುಂಜಾನೆ ಒಂದು ಪದ್ಧತಿ ಮುರದಿ. ಇದನ್ನೂ ಮುರೀತಿಯೇನು?”

ಇಮಾಮಬಿ ಸುತ್ತ ನೋಡಿದಳು. ನಮ್ಮ ತಂದೆ ಮುತ್ತುಗದೆಲೆಯ ದೊನ್ನೆಯಲ್ಲಿ ಗಂಜಿ ಬಗ್ಗಿಸಿ ತಂದು ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದರು. “ತಿನ್ರಿ ಅವ್ವಾರ,” ಎಂದರು. “ನೀವು ತಿಂದ್ರ ನಾವು ತಿಂದಂಗ.”

ಊರೆಲ್ಲ ಉಂಡ ಮೇಲೆ ತಳ ಕೆರೆದು ಉಣ್ಣುವ ರೂಢಿ ಅವಳದು. ಹಸಿದವರ ಮುಂದೆ ಮೊದಲ ತುತ್ತು ತಿನ್ನುವ ಕೆಲಸ ಅವಳಿಗೆ ಹಳ್ಳ ದಾಟುವುದಕ್ಕಿಂತ ಕಷ್ಟವಾಯಿತು. ಬಾಯಿಗಿಟ್ಟುಕೊಂಡಳು. ನುಂಗಿದಳು. ಕಣ್ಣಿನಿಂದ ನೀರು ಗಂಜಿಗೇ ಬಿತ್ತು. ಅದನ್ನು ಮುಚ್ಚಿಕೊಳ್ಳಲು ಗದರಿದಳು:

“ಉಪ್ಪು ಕಡಿಮಿ ಆಗೈತಿ!”

“ಉಪ್ಪು ನಿನ್ನ ಗೋಣ್ಯಾಗನ ಐತೆಲ್ಲ, ಹಾಕು ಮತ್ತ!” ಎಂದಳು ಗೋಮಿಬಾಯಿ. ಕ್ಯಾಂಪು ನಕ್ಕಿತು. ಬಹಳ ದಿನಗಳ ಮೇಲೆ ನಕ್ಕಿತು. ಆಮೇಲೆ ಸೌಟು ಇಮಾಮಬಿಯ ಕೈಗೆ ಬಂತು, ಎಲ್ಲರ ದೊನ್ನೆಗಳೂ ತುಂಬುವವರೆಗೆ ಅವಳು ಅದನ್ನು ಕೆಳಗಿಡಲಿಲ್ಲ. ಅತ್ತ ಗುಡಿಸಲಿನಲ್ಲಿ ಗೋಮಿಬಾಯಿ ಅಂಟು ಹುರಿದು ಉಂಡಿ ಕಟ್ಟಿ ನಮ್ಮ ತಾಯಿಗೆ ತಿನ್ನಿಸಿದಳು. ಕಟ್ಟುತ್ತ ಕಟ್ಟುತ್ತ ಪ್ರತಿ ಉಂಡಿಗೊಂದು ಸಲ ಇಮಾಮಬಿಯನ್ನು ಬೈದಳಂತೆ. ಆದರೂ ಉಂಡಿ ಸಿಹಿಯಾಗೇ ಇದ್ದವು ಎಂದು ತಾಯಿಯ ಸಾಕ್ಷಿ. ಎರಡು ದಿನಕ್ಕೆ ನನಗೆ ಹಾಲು ಬಂತು. ನಾನು ಅಂದು ಬಾಯಿ ಹಾಕಿದವಳು ಇಂದಿಗೂ ತೆಗೆದಿಲ್ಲ ಎಂದು ನನ್ನ ಮನೆಯವರು ಹೇಳುತ್ತಾರೆ.

ಮುಂದೆ ಧಾರವಾಡದಲ್ಲಿ ನನ್ನನ್ನು ಕಾನ್ವೆಂಟಿಗೆ ಹಾಕಿದಾಗ ಸಿಸ್ಟರುಗಳು ಊಟಕ್ಕೆ ಮೊದಲು ಕೈ ಜೋಡಿಸಿ ಅನ್ನ ಕೊಟ್ಟವನಿಗೆ ವಂದನೆ ಹೇಳಿಸುತ್ತಿದ್ದರು. ಕೊಟ್ಟವನಿಗೆ ಹೇಳಿದ ಮೇಲೆ ತಂದವರಿಗೆ ಹೇಳದಿದ್ದರೆ ಹೇಗೆ ಎಂದು ನಾನು ಬಾಯೊಳಗೇ ಇಮಾಮಬಿ, ಗೋಮಿಬಾಯಿ, ಸೋಮಲಪ್ಪ ಎಂದು ಸೇರಿಸಿಕೊಳ್ಳುತ್ತಿದ್ದೆ. ನನ್ನ ಪ್ರಾರ್ಥನೆ ಎಲ್ಲರಿಗಿಂತ ಉದ್ದವಾಗುವುದನ್ನು ಕಂಡು ಸಿಸ್ಟರಿಗೆ ನನ್ನ ಭಕ್ತಿಯ ಬಗ್ಗೆ ಬಹಳ ಭರವಸೆ ಹುಟ್ಟಿತ್ತು.

ಆ ಶನಿವಾರ ಬೆಳಗ್ಗೆ ಕ್ಯಾಂಪಿನವರು ಕಟ್ಟಿದ ಗಂಟುಗಳನ್ನು ಬಿಚ್ಚಿದರು. ಇಮಾಮಬಿ ಹಳಿಯಾಳಕ್ಕೆ ಮರಳಿದಾಗ ಸುದ್ದಿ ಅವಳಿಗಿಂತ ಮೊದಲೇ ಮುಟ್ಟಿತ್ತು. ಅಮೀರಸಾಬ ಉಬ್ಬಸ ಮರೆತು ನಕ್ಕ. “ಇಷ್ಟು ದಿವಸ ನಿನ್ನ ಸಪ್ಪಳಾ ಮನಿಗಷ್ಟ ಕೇಳತಿತ್ತು. ಈಗ ತಾಲೂಕಿಗೇ ಕೇಳಸೂಹಂಗ ಮಾಡಿದಿ,” ಎಂದ. ಆದರೆ ಮುಂದಿನ ವಾರದ ಗೋಣಿಗಳಿಗೆ ಕಾಳನ್ನು ಆರಿಸಿ ಕೇರಿ ತುಂಬಿದವನು ಅವನೇ.

ಹೊರೆ ಕಂಡ ಎತ್ತು ಹುಣ್ಣು ಮಾಯ್ದ ಮೇಲೆ ಹೇರು ಹೊರುವ ಸಾಲಿಗೆ ಸೇರಿತು. ಹೊಸ ಎತ್ತಿಗೆ ಪೂಜೆ ಮಾಡಲು ತಾಂಡಾದವರು ದೀಪಾವಳಿ ಬರಲಿ ಎಂದರು. ಹಾಗಾಗಿ ಆ ಮಳೆಗಾಲವಿಡೀ ಇಮಾಮಬಿಯೇ ಮುಂದೆ ನಡೆದಳು, ಎಲೆ ಅಡಕೆಯ ಚೀಲವೂ ಇಲ್ಲದೆ. ಎರಡನೆಯ ಶುಕ್ರವಾರ ಅವಳು ಹಳ್ಳಕ್ಕೆ ಬಂದಾಗ ಈಚೆಯ ದಂಡೆಯಲ್ಲಿ ಜನ ನಿಂತಿದ್ದರು. ಮತ್ತಿ ಮರದಿಂದ ಈಚೆ ದಂಡೆಗೆ ದಪ್ಪ ಹಗ್ಗ ಬಿಗಿದಿದ್ದರು, ದಿಮ್ಮಿ ಎಳೆಯುವ ಹಗ್ಗ. ಅದರುದ್ದಕ್ಕೂ ಗರಗಸದವರು, ಇದ್ದಿಲಿನವರು ಎದೆಮಟ್ಟದ ನೀರಿನಲ್ಲಿ ಸಾಲಾಗಿ ನಿಂತಿದ್ದರು.

“ಇದೇನ್ರೀ ಶೇಖಪ್ಪನವರ?” ಎಂದಳು.

“ಇಲ್ಲೀತನಕ ನೀವು ತಂದ್ರಿ,” ಎಂದರು ನಮ್ಮ ತಂದೆ, ಮೊದಲ ಎತ್ತಿನ ಗೋಣಿಗೆ ಹೆಗಲು ಕೊಡುತ್ತ. “ಇಲ್ಲಿಂದ ನಾವು ಒಯ್ತೇವಿ. ನೀವು ಹಗ್ಗಾ ಹಿಡಕೊಂಡು ಬರ್ರಿ.”

ಗೋಣಿಗಳು ಒಂದು ಹೆಗಲಿನಿಂದ ಇನ್ನೊಂದು ಹೆಗಲಿಗೆ ಹಳ್ಳ ದಾಟಿದವು. ಆ ದಿನ ಗೋಣಿಗಳ ಅಡಿಯೂ ತೊಯ್ಯಲಿಲ್ಲ.